ಕೀಮೋ ಆದ ಮರುದಿನದಿಂದ ವಾಂತಿ, ಇಂಜೆಕ್ಷನ್ ಬಗ್ಗೆ ಅನುಭವ ಇದ್ದವರು ಹೇಳಿ

ಕೇಳಿದವರು: ಅಮ್ಮನಿಗೆ 58 ವರ್ಷ, ಸ್ತನದ ಕ್ಯಾನ್ಸರ್. ಮೊದಲ ಕೀಮೋ ಆಯಿತು, ಆ ಕೆಂಪು ಔಷಧಿ ಇರುವುದು. ಡ್ರಿಪ್‌ಗೆ ಮೊದಲು ವಾಂತಿಗೆ ಅಂತ ಇಂಜೆಕ್ಷನ್ ಕೊಟ್ಟರು. ಅವತ್ತು ಏನೂ ಆಗಲಿಲ್ಲ, ರಾತ್ರಿ ಅನ್ನ ಸಾರು ಉಂಡರು. ಮರುದಿನ ಸಂಜೆ ಶುರುವಾಯಿತು ನೋಡಿ, ಮೂರು ದಿನ ಸರಿಯಾಗಿ ನೀರೂ ನಿಲ್ಲಲಿಲ್ಲ. ವಾಂತಿ ನಿಲ್ಲಿಸುವ ಎಮೆಸೆಟ್ ಮಾತ್ರೆ ಕೊಟ್ಟರೆ ಅದೂ ಹೊರಗೆ. ಈಗ "ಎರಡನೆಯದು ಬೇಡವೇ ಬೇಡ" ಅನ್ನುತ್ತಿದ್ದಾರೆ. ಇನ್ನು 12 ದಿನ ಇದೆ. ಮನೆಗೇ ಸಿಸ್ಟರ್ ಕರೆಸಿ ಇಂಜೆಕ್ಷನ್ ಹಾಕಿಸಬಹುದಾ? ಇದಕ್ಕಿಂತ ಒಳ್ಳೆಯದು ಬೇರೆ ಇದೆಯಾ?

ಯಜಮಾನರಿಗೆ ಸಿಸ್ಪ್ಲಾಟಿನ್ ಅನ್ನುವ ಕೀಮೋ ಕೊಡಿಸಿದವರು: ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ನಾನು ಮಾಡಿದ ತಪ್ಪು ಹೇಳುತ್ತೇನೆ. "ತುಂಬಾ ವಾಂತಿ ಸಾರ್" ಅಂದೆ, ಅಷ್ಟೇ. ಅವರು ಅದೇ ಮಾತ್ರೆ ಮತ್ತೆ ಬರೆದರು. ಎರಡನೇ ಸಲ ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿದೆ. ಮೊದಲ ದಿನ ಇಲ್ಲ, ಎರಡನೇ ದಿನ 4 ಸಲ, ಮೂರನೇ ದಿನ 6 ಸಲ. ಆ ಹಾಳೆಯನ್ನೇ ಹರಿದುಕೊಂಡು ಹೋಗಿ ಮೇಜಿನ ಮೇಲೆ ಇಟ್ಟೆ. ನೋಡಿದ ತಕ್ಷಣ ಡಾಕ್ಟರು ಚೀಟಿಯನ್ನೇ ಬದಲಾಯಿಸಿದರು. ಕೀಮೋಗೆ ಮೊದಲು ಪಾಲೊನೊಸೆಟ್ರಾನ್ ಇಂಜೆಕ್ಷನ್, ಡೆಕ್ಸಾ (ಡೆಕ್ಸಾಮೆಥಸೋನ್, ಒಂದು ಸ್ಟೀರಾಯ್ಡ್), ಜೊತೆಗೆ ಫೋಸಪ್ರೆಪಿಟೆಂಟ್ ಡ್ರಿಪ್. ರಾತ್ರಿಗೆ ಓಲಾಂಜಪಿನ್ ಮಾತ್ರೆ. ಮೆಡಿಕಲ್ ಶಾಪಿನ ಹುಡುಗ "ಇದು ತಲೆ ಕೆಟ್ಟವರಿಗೆ ಕೊಡೋದು" ಅಂದುಬಿಟ್ಟ, ನಾನು ಗಾಬರಿಯಾದೆ! ಮಾನಸಿಕ ಕಾಯಿಲೆಗೆ ಬಂದ ಮಾತ್ರೆ ಹೌದು, ಆದರೆ ಕಡಿಮೆ ಡೋಸಿನಲ್ಲಿ ವಾಂತಿಗೂ ಕೊಡುತ್ತಾರೆ. ತೂಕಡಿಕೆ ಜಾಸ್ತಿ, ರಾತ್ರಿ ಬಚ್ಚಲಿಗೆ ಹೋಗುವಾಗ ಕೈ ಹಿಡಿಯಬೇಕು. ವಾಂತಿ ಒಂದೆರಡು ಸಲಕ್ಕೆ ಇಳಿಯಿತು. ಒಗ್ಗರಣೆ ವಾಸನೆ ಮಾತ್ರ ಕೊನೆಯವರೆಗೂ ಆಗಲಿಲ್ಲ.

ಡೇ ಕೇರ್ ವಾರ್ಡಿನ ನರ್ಸ್: ಮೇಲಿನವರ ಕ್ಯಾಲೆಂಡರ್ ಎಲ್ಲಕ್ಕಿಂತ ಮುಖ್ಯ. ಯಾಕೆ ಅಂದರೆ ಮೊದಲ ದಿನದ ವಾಂತಿ ಬೇರೆ, ಆಮೇಲಿನದು ಬೇರೆ. ಮೊದಲ 24 ಗಂಟೆ ಕರುಳಿನಿಂದ ಸೆರೊಟೋನಿನ್ ಹೊರಬಂದು ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ಎಮೆಸೆಟ್, ಅಂದರೆ ಒಂಡಾನ್ಸೆಟ್ರಾನ್, ಆ ದಾರಿಯನ್ನು ಚೆನ್ನಾಗಿ ಮುಚ್ಚುತ್ತದೆ. ಎರಡನೇ ದಿನದಿಂದ ಮೆದುಳಿನಲ್ಲೇ 'ಸಬ್‌ಸ್ಟೆನ್ಸ್ ಪಿ' ಅನ್ನುವುದರ ಕೈವಾಡ ಜಾಸ್ತಿ. ಫೋಸಪ್ರೆಪಿಟೆಂಟ್ ತಡೆಯುವುದು ಅದನ್ನು. ಒಂಡಾನ್ಸೆಟ್ರಾನ್ ರಕ್ತದಲ್ಲಿ ನಾಲ್ಕೈದು ಗಂಟೆಯಲ್ಲಿ ಅರ್ಧಕ್ಕೆ ಇಳಿದರೆ ಪಾಲೊನೊಸೆಟ್ರಾನ್ ಸುಮಾರು 40 ಗಂಟೆ ತೆಗೆದುಕೊಳ್ಳುತ್ತದೆ, ಅದಕ್ಕೇ ಒಂದೇ ಸಲ 0.25 ಮಿ.ಗ್ರಾಂ. ಡಿಸ್ಚಾರ್ಜ್ ಹಾಳೆಯಲ್ಲಿ ಏನು ಕೊಟ್ಟಿದ್ದರು ನೋಡಿ.

ಮನೆಯಲ್ಲಿ ಇಂಜೆಕ್ಷನ್, ಡಾಕ್ಟರನ್ನು ಕೇಳದೆ ಬೇಡ. ಒಂಡಾನ್ಸೆಟ್ರಾನ್ ಹೃದಯದ ಬಡಿತದ ಲಯ ಕೆಡಿಸಬಹುದು. ಮೂರು ದಿನ ವಾಂತಿಯಾಗಿ ಪೊಟ್ಯಾಶಿಯಂ ಇಳಿದವರಲ್ಲಿ ಆ ಭಯ ಇನ್ನೂ ಹೆಚ್ಚು. ಇಡೀ ದಿನ ನೀರು ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಆಸ್ಪತ್ರೆಗೇ ಕರೆತನ್ನಿ. ಕೀಮೋ ಆದವರಿಗೆ ಜ್ವರ ಬಂದರಂತೂ ಬೆಳಗಾಗಲಿ ಅಂತ ಕಾಯಬೇಡಿ. ನುಂಗಿದ ಮಾತ್ರೆ ಹೊರಬರುತ್ತಿದ್ದರೆ ನಾಲಿಗೆಯ ಮೇಲೆ ಕರಗುವ ಮಾತ್ರೆ ಇದೆ, ಕೇಳಿ.

ಇನ್ನೊಂದು. ಒಂಡಾನ್ಸೆಟ್ರಾನ್, ಪಾಲೊನೊಸೆಟ್ರಾನ್‌ನಿಂದ ಮಲಬದ್ಧತೆ ಆಗುತ್ತದೆ. ನಾಲ್ಕು ದಿನ ಹೊಟ್ಟೆ ಕಟ್ಟಿದರೆ ಅದೇ ವಾಕರಿಕೆ ತರುತ್ತದೆ. ಡೆಕ್ಸಾದಿಂದ ಸಕ್ಕರೆ ಏರುತ್ತದೆ, ನಿದ್ದೆ ಬರುವುದಿಲ್ಲ. ಡೆಕ್ಸಾ ಬೇಗ ಚುಚ್ಚಿದರೆ ಕೆಳಗೆ, ಗುಪ್ತ ಜಾಗದಲ್ಲಿ, ಒಂದೆರಡು ನಿಮಿಷ ವಿಪರೀತ ಉರಿ ತುರಿಕೆ. ಹೆಂಗಸರು ನಾಚಿಕೆಯಿಂದ ಹೇಳುವುದೇ ಇಲ್ಲ. "ಸಿಸ್ಟರ್, ನಿಧಾನ" ಅಂದರೆ ಸಾಕು.

ಪಿತ್ತಕೋಶದ ಆಪರೇಷನ್ ಆದವರು: ನನ್ನದು ಕ್ಯಾನ್ಸರ್ ಅಲ್ಲ, ಆದರೂ ಬರೆಯುತ್ತೇನೆ. ಆಗುಂಬೆ ಘಾಟಿಯಲ್ಲಿ ಎರಡು ತಿರುವು ದಾಟುವಷ್ಟರಲ್ಲಿ ನನಗೆ ಕವರ್ ಬೇಕು. ಅದನ್ನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಲೂ ಇಲ್ಲ. ಎಚ್ಚರವಾದ ಮೇಲೆ ಹೊಲಿಗೆ ಹಿಡಿದುಕೊಂಡು ವಾಂತಿ. ವಾಂತಿಗೆ ಪೆರಿನಾರ್ಮ್ (ಮೆಟೊಕ್ಲೋಪ್ರಮೈಡ್) ಇಂಜೆಕ್ಷನ್ ಸರ್ರನೆ ಹಾಕಿದರು. ಐದು ನಿಮಿಷಕ್ಕೆ ಮೈಯಲ್ಲಿ ಏನೋ ಚಡಪಡಿಕೆ, ಸೂಜಿ ಕಿತ್ತು ಓಡಿಹೋಗಬೇಕು ಅನಿಸುತ್ತಿತ್ತು. ಹುಚ್ಚು ಹಿಡಿಯಿತೇನೋ ಅಂದುಕೊಂಡೆ. ಅದು ಆ ಔಷಧಿಯ ಗುಣವಂತೆ. ಕೆಲವರಿಗೆ ಕುತ್ತಿಗೆಯೇ ತಿರುಚಿಕೊಳ್ಳುತ್ತದೆ. ಎರಡನೇ ಆಪರೇಷನ್‌ಗೆ ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿದೆ. ಹೆಣ್ಣು, ಸಿಗರೇಟು ಸೇದಲ್ಲ, ಬಸ್ಸಲ್ಲಿ ವಾಂತಿ, ಹಿಂದೆಯೂ ಆಗಿತ್ತು. "ಇಷ್ಟೂ ನಮ್ಮ ಲೆಕ್ಕಕ್ಕೆ ಬರುತ್ತೆ ಕಣಮ್ಮ, ಇಂಥವರಿಗೇ ವಾಂತಿ ಜಾಸ್ತಿ" ಅಂದರು. ಶುರುವಿನಲ್ಲಿ ಡೆಕ್ಸಾ, ಮುಗಿಯುವ ಹೊತ್ತಿಗೆ ಒಂಡಾನ್ಸೆಟ್ರಾನ್ ಕೊಟ್ಟರು. ಸಂಜೆ ಗಂಜಿ ಕುಡಿದೆ. ನಿಮ್ಮ ಅಮ್ಮನಿಗೂ ಬಸ್ಸು ಆಗಲ್ಲ ಅಂದರೆ ಡಾಕ್ಟರಿಗೆ ಹೇಳಿ, ಅವರಿಗೂ ಅದು ಬೇಕು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಫೈಲ್ ತೆಗೆದು ನೋಡಿದೆ. ಒಂಡಾನ್ಸೆಟ್ರಾನ್ 8 ಮಿ.ಗ್ರಾಂ, ಡೆಕ್ಸಾ 8 ಮಿ.ಗ್ರಾಂ, ಅಷ್ಟೇ ಇದೆ. ಸೋಮವಾರ ಹೋಗುತ್ತಿದ್ದೇವೆ, ದಿನದ ಲೆಕ್ಕ ನೆನಪು ಮಾಡಿಕೊಂಡು ಬರೆದಿದ್ದೇನೆ. ಆ ಉರಿಯ ವಿಷಯ ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಆಗಿತ್ತು ಕಣೋ, ನಿನ್ನ ಹತ್ರ ಹೇಗೆ ಹೇಳ್ಲಿ" ಅಂದರು.