ಕಾಫಿ ಬಿಲ್ಲಿಂಗ್ ಕೋಡಿನ ಟೆಕ್ನಿಕಲ್ ಡೆಟ್ ಹಿಡಿಯೋಕೆ ನಮ್ಮದೇ ರೂಲ್: ಮಾಡಿದವರು ಹೇಳಿ

ಮಡಿಕೇರಿ (ಕೇಳಿದವರು): ಕಾಫಿ ಖರೀದಿ, ಓಟಿ (ಔಟ್‌ಟರ್ನ್, 50 ಕೆಜಿ ಚೆರಿಗೆ ಸಿಗುವ ಕ್ಲೀನ್ ಕಾಫಿ) ಲೆಕ್ಕ, ಬೆಳೆಗಾರರ ಬಿಲ್ಲು ಎಲ್ಲ ಇರುವ ಹಳೇ ಜ್ಯಾಂಗೋ (ಪೈಥಾನ್ ವೆಬ್ ಫ್ರೇಮ್‌ವರ್ಕ್) ಕೋಡು. ರೆಡಿಮೇಡ್ ಲಿಂಟರ್ (ಕೋಡಿನ ತಪ್ಪು ಹುಡುಕುವ ಟೂಲ್) ಓಡಿಸಿದರೆ ಸಾವಿರಗಟ್ಟಲೆ ಎಚ್ಚರಿಕೆ ಬರುತ್ತೆ, ಯಾರೂ ಓದಲ್ಲ. ನಮ್ಮ ಕೋಡಿನದೇ ಆದ ಕೆಟ್ಟ ಚಾಳಿಗಳನ್ನು, ಅಂದರೆ ಅವಸರಕ್ಕೆ ಬರೆದು ಆಮೇಲೆ ತೀರಿಸಬೇಕಾದ ಸಾಲವನ್ನು (ಟೆಕ್ನಿಕಲ್ ಡೆಟ್) ಹಿಡಿಯುವ ರೂಲ್ ಬೇಕು. ಎಲ್ಲಿಂದ ಶುರು ಮಾಡಲಿ? ಮಳೆಗಾಲದಲ್ಲಿ ಇಲ್ಲಿ ನೆಟ್ ನಂಬೋ ಹಾಗಿಲ್ಲ, ಆಫ್‌ಲೈನ್ ಓಡಬೇಕು.

ಕುಶಾಲನಗರ: ಟೂಲ್ ಆಮೇಲೆ. ಮೊದಲು ಕೋಡ್ ರಿವ್ಯೂ ಕಾಮೆಂಟುಗಳನ್ನು ತೆಗೆದು ನೋಡಿ. ಒಂದೇ ಮಾತನ್ನು ಮೂರು ಸಲ ಬರೆದಿದ್ದರೆ ಅದು ರೂಲ್ ಆಗಬೇಕಾದ ಮಾತು. ಐದಾರು ಸಿಕ್ಕರೆ ಸಾಕು, ಐವತ್ತು ಬೇಡ.

ಪೈಥಾನ್‌ಗೆ ಸೆಮ್‌ಗ್ರೆಪ್ (ಕೋಡಿನಲ್ಲಿ ನಾವು ಹೇಳಿದ ಪ್ಯಾಟರ್ನ್ ಹುಡುಕುವ ಟೂಲ್) ಸಲೀಸು. ರೂಲ್ ಅಂದರೆ ಒಂದು ಯಾಮೆಲ್ ಫೈಲ್, ರೆಪೊಸಿಟರಿಯಲ್ಲೇ ಒಂದು ಫೋಲ್ಡರ್ ಮಾಡಿ ಇಡಿ. ಕಾನ್ಫಿಗ್‌ಗೆ ಆ ಫೋಲ್ಡರ್ ಕೊಟ್ಟು, ಮೆಟ್ರಿಕ್ಸ್ ಮತ್ತು ವರ್ಶನ್ ಚೆಕ್ ಎರಡನ್ನೂ ಆಫ್ ಮಾಡಿದರೆ ನೆಟ್ ಬೇಕಾಗಲ್ಲ. ಕಾನ್ಫಿಗ್ 'ಆಟೋ' ಅಂತ ಕೊಟ್ಟರೆ ನೆಟ್‌ನಲ್ಲಿರುವ ರಿಜಿಸ್ಟ್ರಿಯಿಂದ ರೂಲ್ ಇಳಿಸೋಕೆ ಹೋಗುತ್ತೆ.

ನಿಮಗೆ ಮೊದಲ ರೂಲ್ ದುಡ್ಡಿನದು. ದರ, ತೂಕಕ್ಕೆ ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆ) ಬಳಸಿದ ಕಡೆಯೆಲ್ಲ ಹಿಡಿದು ಡೆಸಿಮಲ್‌ಗೆ (ನಿಖರವಾಗಿ ಇಡುವ ಸಂಖ್ಯೆ) ತಳ್ಳಿ, ಪೈಥಾನ್‌ನಲ್ಲಿ 0.1 + 0.2 ಮಾಡಿದರೆ 0.30000000000000004 ಬರುತ್ತೆ, ಬಿಲ್ಲಿನ ಪೈಸೆ ತಾಳೆಯಾಗದಿರುವುದು ಇಲ್ಲಿಂದಲೇ. ಪ್ಯಾಟರ್ನ್: ಫ್ಲೋಟ್ ಕಾಲ್, ಅದರೊಳಗೆ ಒಂದು ಮೆಟಾವೇರಿಯೇಬಲ್ (ಏನು ಬಂದರೂ ಹೊಂದುವ ಖಾಲಿ ಜಾಗ), ಅದರ ಮೇಲೆ 'ರೇಟ್' ಅಥವಾ 'ವೇಟ್' ಅನ್ನುವ ರೆಜೆಕ್ಸ್ (ಅಕ್ಷರಗಳನ್ನು ಹೊಂದಿಸುವ ಸೂತ್ರ). ಎಡವುವುದು ಇಲ್ಲೇ. ಈ ರೆಜೆಕ್ಸ್ ಹೆಸರಿನ ಎಡತುದಿಯಿಂದಲೇ ಹೊಂದಿಸುತ್ತೆ. ಬರೀ 'ರೇಟ್' ಬರೆದರೆ 'ಟೋಟಲ್_ರೇಟ್' ತಪ್ಪಿಸಿಕೊಳ್ಳುತ್ತೆ. ಡಿಕ್ಷನರಿಯಿಂದ ತೆಗೆದ ರೇಟೂ ಅಷ್ಟೇ, ಅಲ್ಲಿ ಮೊದಲು ಬರೋದು ಡಿಕ್ಷನರಿಯ ಹೆಸರು. ರೆಜೆಕ್ಸ್‌ನ ಶುರುವಿನಲ್ಲಿ ಚುಕ್ಕಿ-ನಕ್ಷತ್ರ (.*) ಹಾಕಲೇಬೇಕು.

ಮಡಿಕೇರಿ: 50 ಅನ್ನೋ ಅಂಕಿ ಕೋಡ್ ತುಂಬ ಹರಡಿದೆ. 50 ಕೆಜಿ ಮೂಟೆಯ ಲೆಕ್ಕಕ್ಕೂ ಅದೇ, ಒಂದು ಪುಟಕ್ಕೆ 50 ಸಾಲು ಅನ್ನೋದಕ್ಕೂ ಅದೇ. ಬೇರೆ ಬೇರೆ ಮಾಡೋದು ಹೇಗೆ?

ಕುಶಾಲನಗರ: ರೂಲ್‌ನ ಪಾತ್ಸ್ ಭಾಗದಲ್ಲಿ ಬಿಲ್ಲಿಂಗ್ ಫೋಲ್ಡರ್ ಮಾತ್ರ ಸೇರಿಸಿ. ಪ್ಯಾಟರ್ನ್ '50ರಿಂದ ಭಾಗಿಸು', '50ರಿಂದ ಗುಣಿಸು' ಎರಡಕ್ಕೇ ಇರಲಿ. ಚೆರಿ ಸ್ಯಾಂಪಲ್‌ನಿಂದ ಬಂದ ಕ್ಲೀನ್ ಕಾಫಿಯನ್ನು ಸ್ಯಾಂಪಲ್ ತೂಕದಿಂದ ಭಾಗಿಸಿ 50ರಿಂದ ಗುಣಿಸಿದರೆ ಓಟಿ. ಮೂಟೆ ಎಣಿಕೆಗೆ ಭಾಗಾಕಾರ. ಬೇಕಾದ್ದು ಇವೆರಡೇ.

ಆಮೇಲೆ ನೀವು ಆ 50ಕ್ಕೆ ಒಂದು ಹೆಸರು ಕೊಟ್ಟು ಕಾನ್‌ಸ್ಟಂಟ್ ಮಾಡುತ್ತೀರಿ, ಎಚ್ಚರಿಕೆ ಹೋಗಲ್ಲ! ಸೆಮ್‌ಗ್ರೆಪ್ ಕಾನ್‌ಸ್ಟಂಟಿನ ಬೆಲೆಯನ್ನು ತಾನೇ ಹಿಂಬಾಲಿಸಿ, ಹೆಸರಿನ ಹಿಂದೆ 50 ಇದೆ ಅಂತ ಮತ್ತೆ ಹಿಡಿಯುತ್ತೆ. ರೂಲ್‌ನ ಆಪ್ಷನ್ಸ್‌ನಲ್ಲಿ ಕಾನ್‌ಸ್ಟಂಟ್ ಪ್ರೊಪಗೇಶನ್ ಫಾಲ್ಸ್ ಮಾಡಿ.

ಪ್ರತಿ ರೂಲ್‌ಗೂ ಟೆಸ್ಟ್ ಫೈಲ್ ಇರಲಿ. ಹಿಡಿಯಬೇಕಾದ ಸಾಲಿನ ಮೇಲೆ 'ರೂಲ್‌ಐಡಿ' ಕಾಮೆಂಟ್, ಹಿಡಿಯಬಾರದ್ದರ ಮೇಲೆ 'ಓಕೆ' ಕಾಮೆಂಟ್ ಬರೆದು ಟೆಸ್ಟ್ ಮೋಡ್‌ನಲ್ಲಿ ಓಡಿಸಿ. ಮೇಲಿನ ಎರಡು ಎಡವಟ್ಟೂ ಅಲ್ಲೇ ಗೊತ್ತಾಗುತ್ತೆ.

ಗೋಣಿಕೊಪ್ಪ: ರೂಲ್ ಸರಿಯಿದ್ದರೂ ಹಳೇ ಸಾಲವೆಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದರೆ ತಂಡದವರು ಎರಡೇ ದಿನಕ್ಕೆ ರೂಲ್ ಆಫ್ ಮಾಡಿಬಿಡ್ತಾರೆ. ಬೇಸ್‌ಲೈನ್ ಕಮಿಟ್ ಕೊಡಿ, ಆ ಕಮಿಟ್ ಆದಮೇಲೆ ಸೇರಿದ್ದನ್ನು ಮಾತ್ರ ತೋರಿಸುತ್ತೆ. ಸಿಐನಲ್ಲಿ (ಕೋಡ್ ಸೇರಿದಾಗ ತಾನೇ ಓಡುವ ತಪಾಸಣೆ) ಗಿಟ್‌ಹಬ್‌ನ ಚೆಕ್‌ಔಟ್ ಆಕ್ಷನ್ ಸುಮ್ಮನೆ ಬಿಟ್ಟರೆ ಕೊನೆಯ ಒಂದೇ ಕಮಿಟ್ ತರುತ್ತೆ, ಬೇಸ್‌ಲೈನ್ ಸಿಗದೆ ಸ್ಕ್ಯಾನ್ ಬೀಳುತ್ತೆ. ಫೆಚ್ ಡೆಪ್ತ್ 0 ಮಾಡಿ. ಕಮಿಟ್ ಆಗದ ಬದಲಾವಣೆ ಇದ್ದರೂ ಬೇಸ್‌ಲೈನ್ ಸ್ಕ್ಯಾನ್ ನಡೆಯಲ್ಲ, ಹಾಗಾಗಿ ಪ್ರಿ-ಕಮಿಟ್ ಹುಕ್‌ನಲ್ಲಿ (ಕಮಿಟ್‌ಗೆ ಮುಂಚೆ ಓಡುವ ಸ್ಕ್ರಿಪ್ಟ್) ಅದನ್ನು ಹಾಕಬೇಡಿ; ಅಲ್ಲಿ ಬದಲಾದ ಫೈಲುಗಳನ್ನಷ್ಟೇ ಸ್ಕ್ಯಾನ್ ಮಾಡಿಸಿ.

ಇನ್ನೊಂದು. 'ಎರರ್' ಫ್ಲ್ಯಾಗ್ ಇಲ್ಲದೆ ಸ್ಕ್ಯಾನ್ ಓಡಿಸಿದರೆ ತಪ್ಪು ಸಿಕ್ಕರೂ ಎಕ್ಸಿಟ್ ಕೋಡ್ 0. ಬಿಲ್ಡ್ ಹಸಿರು ತೋರಿಸುತ್ತಾ ಇರುತ್ತೆ, ರೂಲ್ ಇದ್ದೂ ಇಲ್ಲದ ಹಾಗೆ.

ವಿನಾಯಿತಿಗೆ 'ನೋಸೆಮ್‌ಗ್ರೆಪ್' ಕಾಮೆಂಟ್ ಇದೆ. ಬರೀ ಅಷ್ಟೇ ಬರೆದರೆ ಆ ಸಾಲಿನಲ್ಲಿ ಎಲ್ಲ ರೂಲೂ ಬಾಯಿ ಮುಚ್ಚುತ್ತವೆ. ಜೊತೆಗೆ ರೂಲ್ ಐಡಿ ಬರೆಯೋದು ಕಡ್ಡಾಯ ಮಾಡಿ. ಟಿಕೆಟ್ ನಂಬರ್ ಇಲ್ಲದ ಟುಡು (ಆಮೇಲೆ ಮಾಡಬೇಕು ಅನ್ನುವ ಕಾಮೆಂಟ್) ಹಿಡಿಯಬೇಕಾದರೆ ಪ್ಯಾಟರ್ನ್-ರೆಜೆಕ್ಸ್ ಬಳಸಿ, ಮಾಮೂಲಿ ಪ್ಯಾಟರ್ನ್‌ಗೆ ಕಾಮೆಂಟ್ ಕಾಣಿಸೋದೇ ಇಲ್ಲ.

ಸೋಮವಾರಪೇಟೆ: ಇವೆಲ್ಲ ಸಾಲುಮಟ್ಟದ ಸಾಲ. ನಿಜವಾಗಿ ಬಡ್ಡಿ ಬೆಳೆಯೋದು ಮಾಡ್ಯೂಲುಗಳ ನಡುವೆ: ಬಿಲ್ಲಿಂಗ್ ಕೋಡು ವ್ಯೂ ಫೈಲನ್ನು ಇಂಪೋರ್ಟ್ ಮಾಡುತ್ತೆ, ವ್ಯೂ ಮತ್ತೆ ಬಿಲ್ಲಿಂಗನ್ನು. ಅದಕ್ಕೆ ಇಂಪೋರ್ಟ್-ಲಿಂಟರ್ ಹಾಕಿ. ಯಾವ ಪದರ ಮೇಲೆ, ಯಾವುದು ಕೆಳಗೆ ಅಂತ ಒಂದು ಕಾಂಟ್ರ್ಯಾಕ್ಟ್ ಬರೆದರೆ, ಸುತ್ತುಬಳಸಿ ಮೂರನೇ ಮಾಡ್ಯೂಲ್ ಮೂಲಕ ನುಸುಳಿದ ಇಂಪೋರ್ಟನ್ನೂ ಸರಪಳಿ ಸಮೇತ ತೋರಿಸುತ್ತೆ.

ಫಂಕ್ಷನ್ ಜಟಿಲತೆಗೆ ಹೊಸ ರೂಲ್ ಬರೆಯೋ ಶ್ರಮ ಬೇಡ. ರಫ್ ಅನ್ನುವ ಪೈಥಾನ್ ಲಿಂಟರ್‌ನಲ್ಲಿ ಸಿ901 ರೂಲ್ ಇದೆ, ಡೀಫಾಲ್ಟ್ ಮಿತಿ 10. ಹಳೇ ಕೋಡಿಗೆ 20ರಿಂದ ಶುರು ಮಾಡಿ ಇಳಿಸುತ್ತಾ ಬನ್ನಿ.

ಸೋನಾರ್‌ಕ್ಯೂಬ್ (ಕೋಡಿನ ಗುಣಮಟ್ಟ ಅಳೆಯುವ ಟೂಲ್) ತೋರಿಸುವ 'ಇಷ್ಟು ದಿನದ ಸಾಲ' ಮಾಲೀಕರ ಮುಂದೆ ಇಡುವ ಮೊದಲು ಯೋಚಿಸಿ. ಒಂದು ಸಾಲು ಬರೆಯೋಕೆ 30 ನಿಮಿಷ ಅನ್ನೋದು ಅದರ ಡೀಫಾಲ್ಟ್ ಊಹೆ. ಆ ಲೆಕ್ಕದಲ್ಲಿ ಇಡೀ ಕೋಡು ಬರೆಯುವ ಸಮಯಕ್ಕೆ ಹೋಲಿಸಿದರೆ ಸಾಲ 5% ಒಳಗಿದ್ದರೆ 'ಎ' ದರ್ಜೆ. ದೊಡ್ಡ ಕೋಡಿನಲ್ಲಿ ಎಷ್ಟೋ ಕೊಳಕು ಅದರೊಳಗೇ ಅಡಗಿಬಿಡುತ್ತೆ. ಪೈಥಾನ್‌ಗೆ ಅದರಲ್ಲಿ ನಮ್ಮ ರೂಲ್ ಸೇರಿಸಬೇಕಾದರೆ ಜಾವಾದಲ್ಲಿ ಪ್ಲಗಿನ್ ಬರೆಯಬೇಕು, ಸಣ್ಣ ತಂಡಕ್ಕೆ ಅದು ದಂಡ.

ಮಡಿಕೇರಿ: ಸರಿ, ಫ್ಲೋಟ್ ಮತ್ತು 50, ಇವೆರಡರಿಂದ ಶುರು ಮಾಡ್ತೀನಿ. ಎಚ್ಚರಿಕೆಯ ಮೆಸೇಜಿನಲ್ಲಿ ಏನು ಬರೆಯಲಿ?

ಗೋಣಿಕೊಪ್ಪ: 'ಫ್ಲೋಟ್ ಬಳಸಬೇಡಿ' ಅಂತ ಬರೆದರೆ ಪ್ರಯೋಜನವಿಲ್ಲ. ಬದಲಿಗೆ ಕರೆಯಬೇಕಾದ ನಿಮ್ಮ ಫಂಕ್ಷನ್ ಹೆಸರು, ಅದು ಇರುವ ಫೈಲು, ಇವಿಷ್ಟು ಬರೆಯಿರಿ. ಡೆಸಿಮಲ್‌ಗೆ ಸ್ಟ್ರಿಂಗ್ ಕೊಡಬೇಕು, ಫ್ಲೋಟನ್ನೇ ಕೊಟ್ಟರೆ ಹಳೇ ತಪ್ಪು ಹಾಗೇ ಒಳಗೆ ಬರುತ್ತೆ. ಅದನ್ನೂ ಒಂದು ಸಾಲು ಸೇರಿಸಿ.