ಸಹಾಯ ಬೇಕು: ನೀರು ನಿಂತ ಬುಡದಲ್ಲೇ ಬಾಡುತ್ತಿರುವ ಮಲ್ಲಿಗೆ ಗಿಡಗಳು

ಗುಂಪಿನ ಎಲ್ಲರಿಗೂ ನಮಸ್ಕಾರ. ಉಡುಪಿ ಜಿಲ್ಲೆಯ ಶಂಕರಪುರದ ಸಮೀಪ ನಮ್ಮ ಮಲ್ಲಿಗೆ ತೋಟದ ತಗ್ಗಿನಲ್ಲಿ, ಆಟಿ ತಿಂಗಳ ಮಳೆಗೆ ಬುಡದಲ್ಲಿ ನೀರು ನಿಂತಿರುವಾಗಲೇ, ಮಧ್ಯಾಹ್ನ ತುಸು ಬಿಸಿಲು ಬಿದ್ದೊಡನೆ ಕೆಲವು ಗಿಡಗಳ ಎಲೆಗಳು ಜೋತುಬೀಳುತ್ತಿವೆ. ಎತ್ತರದ ಸಾಲಿನ ಗಿಡಗಳು ಚೆನ್ನಾಗಿವೆ.

ಎಲೆಯ ಪತ್ರರಂಧ್ರಗಳಿಂದ (ಸಣ್ಣ ತೂತುಗಳಿಂದ) ಆವಿಯಾಗುವ ನೀರಿನ ಸೆಳೆತವೇ ಬೇರಿನಿಂದ ನೀರನ್ನು ಮೇಲಕ್ಕೆಳೆಯುತ್ತದೆ ಎಂದು 1894ರಲ್ಲಿ ವಿಜ್ಞಾನಿಗಳಾದ ಡಿಕ್ಸನ್ ಮತ್ತು ಜಾಲಿ ವಿವರಿಸಿದ್ದರು. ಹೀರಿದ ನೀರಿನಲ್ಲಿ ಶೇ. 90ಕ್ಕೂ ಹೆಚ್ಚು ಹೀಗೆ ಹೊರಹೋಗುವುದರಿಂದ, ಬೇರು ಸ್ವಲ್ಪ ಸೋತರೂ ಎಲೆಗೆ ಕೊರತೆ ತಟ್ಟುತ್ತದೆ. ಆಮ್ಲಜನಕವು ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಆದ್ದರಿಂದ ನೀರು ತುಂಬಿದ ಮಣ್ಣಿನಲ್ಲಿ ಬೇರಿನ ಜೀವಕೋಶಗಳಿಗೆ ಉಸಿರಾಟ ಕಷ್ಟವಾಗಿ, ಅವುಗಳ ಪೊರೆಯಲ್ಲಿ ನೀರನ್ನು ಒಳಬಿಡುವ ಪ್ರೋಟೀನಿನ ದ್ವಾರಗಳು ಮುಚ್ಚಿಕೊಳ್ಳುತ್ತವೆ, ಗಿಡ ನೀರಿನ ನಡುವೆಯೇ ಬಾಯಾರುತ್ತದೆ. ನಮ್ಮ ತೋಟದಲ್ಲಿ ಆಗಿರುವುದು ಇದೇ ಎಂದು ನನ್ನ ಊಹೆ.

ಆದರೆ ಶಿಲೀಂಧ್ರದಿಂದ ಬೇರು ಕೊಳೆತರೂ ಎಲೆ ಹೀಗೆಯೇ ಬಾಡುತ್ತದೆ. ಗಿಡವನ್ನು ಕೀಳದೆ ಇವೆರಡನ್ನು ಗುರುತಿಸುವ ಕ್ರಮವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ನೆರೆಯವರು ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಶಿಲೀಂಧ್ರನಾಶಕವಾದ ಬೋರ್ಡೋ ದ್ರಾವಣ ಸುರಿಯಲು ಹೇಳುತ್ತಿದ್ದಾರೆ (ಇಲ್ಲಿ ಎಲ್ಲ ರೋಗಕ್ಕೂ ಅದೇ ಮದ್ದು), ಕಾರಣ ತಿಳಿಯದೆ ಸುರಿಯಲು ನನಗೆ ಮನಸ್ಸಿಲ್ಲ. ಕೆಳಗೆ ಮುರಕಲ್ಲಿನ ಹಾಸು ಇರುವ ಜಾಗದಲ್ಲಿ ಬಸಿಗಾಲುವೆಯನ್ನು ಎಷ್ಟು ಆಳ ತೆಗೆದರೆ ಪ್ರಯೋಜನವಾದೀತು, ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸುವುದಾದರೆ ಬೇರಿನ ಮಾದರಿಯನ್ನು ಹೇಗೆ ತೆಗೆದು ಒಯ್ಯಬೇಕು ಎಂಬುದನ್ನೂ ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.