ಗೋಡೆಗೆ ಮರದ ಹಲಗೆ: ಉಬ್ಬುವುದಕ್ಕೆ ಎಷ್ಟು ಜಾಗ ಬಿಡಬೇಕು?

ಕೇಳಿದ್ದು: ಹಾಲ್‌ನ ಒಂದು ಗೋಡೆಗೆ ಮರದ ಹಲಗೆ ಹೊಡೆಸಬೇಕು ಅಂತಿದ್ದೇವೆ. ಒಂದರ ನಾಲಿಗೆ ಇನ್ನೊಂದರ ತೋಡಿನೊಳಗೆ ಕೂರುವ ಥರದ್ದು, ನಿಲ್ಲಿಸಿ ಹೊಡೆಯುವುದು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಸಂದು ಬಿಡುತ್ತದೆ ಅಂತ ಹೆದರಿಸುತ್ತಾರೆ. ಮಾಡಿಸಿದವರು ಹೇಳಿ.

ಒಬ್ಬರು: ಹೆದರಬೇಡಿ, ಆದರೆ ಲೆಕ್ಕ ಹಾಕಿ. ಹಲಗೆ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಆಟವೆಲ್ಲ ಅಗಲದಲ್ಲಿ. ಮರದ ತೇವಾಂಶ ಶೇ. 4ರಷ್ಟು ಏರಿಳಿದರೆ 100 ಮಿ.ಮೀ. ಅಗಲದ ಹಲಗೆ ಹೆಚ್ಚು ಕಡಿಮೆ 1 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಮರದ ಜಾತಿ, ಕೊಯ್ದ ರೀತಿ ನೋಡಿಕೊಂಡು ಇದು ಬದಲಾಗುತ್ತದೆ. ಅಂಥ 25 ಹಲಗೆ ಸಾಲಾಗಿ ನಿಂತರೆ ಒಟ್ಟು 25 ಮಿ.ಮೀ. ಆಯಿತು, ಅಲ್ವಾ? ಪ್ರತಿ ಸಂದಿಗೂ ಹಂಚಿಹೋದರೆ ಇದು ಕಣ್ಣಿಗೇ ಬೀಳುವುದಿಲ್ಲ. ಒಂದೇ ಕಡೆ ಸೇರಿದರೆ ಬೆರಳು ತೂರುತ್ತದೆ.

ಅದಕ್ಕೇ ಸಂದಿಗೆ ಅಂಟು ಹಾಕಲು ಬಿಡಲೇಬೇಡಿ. ಹತ್ತು ಹಲಗೆ ಅಂಟಿಕೊಂಡರೆ ಅವೆಲ್ಲ ಸೇರಿ ಒಂದೇ ದೊಡ್ಡ ಹಲಗೆಯ ಹಾಗೆ ಎಳೆಯುತ್ತವೆ. ಮೊಳೆಯೂ ನಾಲಿಗೆಯ ಬದಿಗೆ ಮಾತ್ರ ಇರಲಿ. ಇನ್ನೊಂದು ಬದಿಯನ್ನು ಪಕ್ಕದ ಹಲಗೆಯ ನಾಲಿಗೆಯೇ ಹಿಡಿದುಕೊಳ್ಳುತ್ತದೆ. ಎರಡೂ ಅಂಚಿಗೆ ಬಿಗಿದ ಹಲಗೆ ಒಣಗಿದಾಗ ನಡುವೆ ಸೀಳುವ ಸಾಧ್ಯತೆ ಜಾಸ್ತಿ.

ತಂದ ಮರವನ್ನು ಅದೇ ಕೋಣೆಯಲ್ಲಿ ಒಂದೆರಡು ವಾರ ಇಡಿ. ಸುಮ್ನೆ ಒಂದರ ಮೇಲೊಂದು ಪೇರಿಸಿದರೆ ಆಗುವುದಿಲ್ಲ, ನಡುವೆ ಸಣ್ಣ ಪಟ್ಟಿ ಇಟ್ಟು ಗಾಳಿ ಆಡಲು ಬಿಡಿ. ಗೋಡೆಯಲ್ಲೇ ತೇವ ಇದ್ದರೆ ಅದು ಸರಿಹೋಗುವವರೆಗೆ ಕೆಲಸ ಶುರುಮಾಡಬೇಡಿ.

ಇನ್ನೊಬ್ಬರು: ಮೇಲಿನವರು ಹೇಳಿದ್ದು ಸರಿ. ನಾನು ಹೇಳುವುದು ಪಾಲಿಶ್ ಬಗ್ಗೆ. ಹಲಗೆ ಕೂರಿಸಿದ ಮೇಲೆ ಬಣ್ಣ ಹಚ್ಚಿದರೆ ನಾಲಿಗೆ ಒಳಗೆ ಬಣ್ಣ ತಾಗದ ಬರಿಮರವಾಗಿಯೇ ಉಳಿಯುತ್ತದೆ. ಒಣ ದಿನಗಳು ಬಂದಾಗ ಪ್ರತಿ ಸಂದಿಯಲ್ಲೂ ಬಿಳಿಚಿದ ಗೆರೆ ಇಣುಕುತ್ತದೆ. ಗಾಢ ಬಣ್ಣವಾದರಂತೂ ದೂರದಿಂದಲೇ ಕಾಣುತ್ತದೆ. ನಾಲಿಗೆ, ಅಂಚು, ಹಿಂಬದಿ ಎಲ್ಲಕ್ಕೂ ಮೊದಲೇ ಹಚ್ಚಿಸಿ. ಹಿಂಬದಿ ಬಿಟ್ಟರೆ ಒಂದೇ ಕಡೆಯಿಂದ ತೇವ ಹೀರಿ ಹಲಗೆ ಬಾಗುತ್ತದೆ. ಪಾಲಿಶ್ ಹಿಗ್ಗುವುದನ್ನು ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೆ.

ಮಳೆಗಾಲದಲ್ಲಿ ಕೂರಿಸುವುದಾದರೆ ಹಲಗೆಗಳನ್ನು ಒತ್ತಿಯೇ ಕೂರಿಸಬಹುದು, ಆಗಲೇ ಉಬ್ಬಿರುತ್ತವೆ. ಒಣ ಕಾಲದಲ್ಲಾದರೆ ಪ್ರತಿ ಸಂದಿಗೂ ಕೂದಲೆಳೆಯಷ್ಟಲ್ಲ, 1 ಮಿ.ಮೀ. ಹತ್ತಿರ ಬಿಡಿ. ಬಡಗಿಗೆ ತೆಳು ತಗಡಿನ ತುಂಡು ಕೊಟ್ಟು ಪ್ರತಿ ಸಲ ನಡುವೆ ಇಟ್ಟು ಹೊಡೆಯಲು ಹೇಳಿ.

ಕೇಳಿದವರು: ಮೂಲೆಗಳಲ್ಲಿ?

ಮೊದಲನೆಯವರು: ಎರಡೂ ಮೂಲೆಯಲ್ಲಿ 10 ಮಿ.ಮೀ. ಜಾಗ ಬಿಟ್ಟು, ಅಂಚು ಮುಚ್ಚುವ ತೆಳು ಪಟ್ಟಿ ಅಂದರೆ ಬೀಡಿಂಗ್‌ನಿಂದ ಮುಚ್ಚಿಸಿ. ಬೀಡಿಂಗ್‌ನ ಮೊಳೆ ಪಕ್ಕದ ಗೋಡೆಗೆ ಹೋಗಬೇಕು, ಹಲಗೆಗಲ್ಲ. ಹಲಗೆಗೆ ಹೊಡೆದರೆ ಬಿಟ್ಟ ಜಾಗ ದಂಡ. ಸ್ವಿಚ್ ಬಾಕ್ಸ್ ಸುತ್ತಲೂ ಸ್ವಲ್ಪ ಸಡಿಲವಾಗಿಯೇ ಕತ್ತರಿಸಿ, ಪ್ಲೇಟ್ ಮುಚ್ಚಿಕೊಳ್ಳುತ್ತದೆ.